ದಿಬ್ಬಣ ವಿಮಾನ ಹತ್ತುವ ಮುನ್ನ

ದಿಬ್ಬಣ ಎಂದರೆ ನನ್ನ ವಯಸ್ಸಿನವರ ಕಣ್ಣ ಮುಂದೆ ಬರುವುದು ಬಾಡಿಗೆ ಬಸ್ಸು. ಮುಂದುಗಡೆ ಕಟ್ಟಿದ ಬಾಳೆಕಂದು, ಮೇಲೆ ಹಾಸಿಗೆ ಸುರುಳಿ, ಒಳಗೆ ಮೂವರ ಸೀಟಿನಲ್ಲಿ ಐವರು. ಬಾಗಿಲ ಬಳಿ ನಿಂತು ತಲೆ ಎಣಿಸುವ ಹಿರಿಯರೊಬ್ಬರು ಇರುತ್ತಿದ್ದರು. 'ಹಿಂದಿನ ಬೀದಿಯ ಅಜ್ಜಿ ಬಂದರಾ? ಬಾಣಂತಿಗೆ ಕಿಟಕಿ ಪಕ್ಕ ಜಾಗ ಕೊಟ್ಟಿರಾ?' ಎಂದು ಕೇಳಿದ ಮೇಲೆಯೇ ಬಸ್ಸು ಹೊರಡುತ್ತಿತ್ತು. ಒಬ್ಬರನ್ನು ಬಿಟ್ಟು ಹೋದರೆ ಆ ಮನೆಯವರು ಮೂರು ತಲೆಮಾರು ಅದನ್ನು ನೆನಪಿಟ್ಟುಕೊಳ್ಳುತ್ತಿದ್ದರು.

ಈಗ ಕೆಲವು ಮನೆಗಳ ದಿಬ್ಬಣ ವಿಮಾನ ಹತ್ತುತ್ತಿದೆ. ಥಾಯ್ಲೆಂಡ್, ಬಾಲಿ, ಶ್ರೀಲಂಕಾ, ದುಬೈ ಮುಂತಾದ ಕಡೆ ಮದುವೆಗಳು ನಡೆಯುತ್ತಿವೆ. ಹುಡುಗಿಯ ಮನೆ ಕರ್ನಾಟಕದಲ್ಲಿ, ಹುಡುಗನ ಕೆಲಸ ಸಿಂಗಪುರದಲ್ಲಿ, ಗೆಳೆಯರೆಲ್ಲ ಆಸ್ಟ್ರೇಲಿಯಾದಲ್ಲಿ ಎಂದಾದಾಗ ನಡುವೆ ಎಲ್ಲೋ ಒಂದು ಕಡೆ ಸೇರೋಣ ಎನ್ನುವುದೂ ಒಂದು ಕಾರಣ. ಸರಿಯೋ ತಪ್ಪೋ ಎಂಬ ವಾದ ನನಗೆ ಬೇಡ. ಮದುವೆ ಎಲ್ಲೇ ಆಗಲಿ, ತಲೆ ಎಣಿಸುವ ಕೆಲಸ ಮಾತ್ರ ತಪ್ಪುವುದಿಲ್ಲ.

ಕಳೆದ ಮಾಘ ಮಾಸದಲ್ಲಿ ನಮ್ಮ ಮನೆಯಲ್ಲೂ ಹಾಗೇ ಆಯಿತು. ನನ್ನ ಅಣ್ಣನ ಮೊಮ್ಮಗಳ ಮದುವೆ ಥಾಯ್ಲೆಂಡಿನ ಹುವಾ ಹಿನ್ ಎಂಬ ಕಡಲತೀರದ ಊರಿನಲ್ಲಿ ನಡೆಯಿತು. ನಮ್ಮ ಕಡೆಯಿಂದ ಹೊರಟವರು ೪೬ ಮಂದಿ. ಅವರಲ್ಲಿ ಎಲ್ಲರಿಗಿಂತ ಚಿಕ್ಕವನಿಗೆ ಹತ್ತು ತಿಂಗಳು, ದೊಡ್ಡವರಿಗೆ ೭೯ ವರ್ಷ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಕ್ಕ ಬರೆದವನು ಎಂದು ಪ್ರಯಾಣದ ಪುಸ್ತಕ ನನ್ನ ಕೈಗೆ ಬಂತು. ಆ ಕೆಲಸದಲ್ಲಿ ನನಗೆ ಮನದಟ್ಟಾದ ಸಂಗತಿ ಒಂದೇ. ಇಂಥ ಮದುವೆಯ ಯೋಜನೆಯನ್ನು ವಧೂವರರಿಂದ ಶುರು ಮಾಡಬಾರದು. ಬರುವವರಲ್ಲಿ ಯಾರಿಗೆ ಪ್ರಯಾಣ ಅತ್ಯಂತ ಕಷ್ಟವೋ ಅವರಿಂದ ಶುರು ಮಾಡಬೇಕು. ಅವರಿಗೆ ಸರಿಹೋದ ದಾರಿ ಉಳಿದ ಎಲ್ಲರಿಗೂ ಸರಿಹೋಗುತ್ತದೆ.

ಮೊದಲು ಪಾಸ್‌ಪೋರ್ಟ್, ಆಮೇಲೆ ಮಂಟಪ

ನಮ್ಮಲ್ಲಿ ಆ ೭೯ ವರ್ಷದವರು ನನ್ನ ಅತ್ತಿಗೆ, ಮದುಮಗಳ ಅಜ್ಜಿ. ಹಾಸನದ ಕಡೆಯ ಹಳ್ಳಿಯಲ್ಲಿ ಇರುವವರು. ವಿಮಾನ ಹತ್ತಿದವರಲ್ಲ. ತಾಯಿ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ಈ ಹುಡುಗಿಯನ್ನು ಐದು ವರ್ಷ ಎತ್ತಿ ಆಡಿಸಿದ್ದು ಅವರೇ. 'ಅಜ್ಜಿಯ ಪಾಸ್‌ಪೋರ್ಟ್ ಕೈಗೆ ಬರುವ ತನಕ ಹೋಟೆಲ್ಲಿಗೆ ಒಂದು ರೂಪಾಯಿ ಮುಂಗಡ ಕೊಡಬಾರದು' ಎಂದು ಮದುಮಗಳೇ ಕಟ್ಟುಮಾಡಿದಳು. ಒಳ್ಳೆಯ ಕಟ್ಟಳೆ ಅದು. ಪಾಸ್‌ಪೋರ್ಟ್ ಇಲ್ಲದವರು ಯಾರು, ಅವಧಿ ಮುಗಿಯುತ್ತಿರುವವರು ಯಾರು ಎಂಬ ಪಟ್ಟಿ ಮೊದಲು ಆಗಲಿ. ಮಂಟಪದ ಹೂವಿನ ಬಣ್ಣ ಆಮೇಲೆ.

ನಮ್ಮ ಕಡೆಯ ಹಿರಿಯರ ದಾಖಲೆಗಳ ಕಥೆ ನಿಮಗೂ ಗೊತ್ತಿರುತ್ತದೆ. ಹೆಚ್ಚಿನವರ ಜನ್ಮದಿನ ಆಧಾರ್‌ನಲ್ಲಿ ಜನವರಿ ೧! ಹೆಸರು ಒಂದು ಕಡೆ 'ಅಮ್ಮ' ಸೇರಿಸಿ, ಇನ್ನೊಂದು ಕಡೆ 'ಅಮ್ಮ' ಬಿಟ್ಟು. ಬ್ಯಾಂಕ್ ಪುಸ್ತಕದಲ್ಲಿ ಗಂಡನ ಹೆಸರಿನ ಇನಿಷಿಯಲ್, ಮತದಾರರ ಚೀಟಿಯಲ್ಲಿ ಊರಿನ ಇನಿಷಿಯಲ್. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಅದನ್ನು ಬಿಡಿಸಿ ಬರೆಯಬೇಕು. ಆದ್ದರಿಂದ ಮೊದಲು ಎಲ್ಲ ದಾಖಲೆಗಳಲ್ಲಿ ಹೆಸರು ಒಂದೇ ಆಗುವಂತೆ ತಿದ್ದಿಸಿ, ಆಮೇಲೆ ಅರ್ಜಿ ಹಾಕುವುದು ಕ್ಷೇಮ. ಅತ್ತಿಗೆಗೆ ಆಧಾರ್ ತಿದ್ದುಪಡಿಯಿಂದ ಹಿಡಿದು ಪೊಲೀಸ್ ಪರಿಶೀಲನೆ ಮುಗಿದು ಪಾಸ್‌ಪೋರ್ಟ್ ಅಂಚೆಯಲ್ಲಿ ಬರುವ ತನಕ ಒಂಬತ್ತು ವಾರ ಹಿಡಿಯಿತು. ಮದುವೆಗೆ ಎಂಟು ತಿಂಗಳು ಇರುವಾಗಲೇ ಕೆಲಸ ಶುರುವಾಗಿತ್ತು, ಆತಂಕ ಆಗಲಿಲ್ಲ.

ಈಗ ಇದಕ್ಕೆಲ್ಲ ಬೆಂಗಳೂರಿಗೇ ಓಡಬೇಕಿಲ್ಲ. ೨೦೧೭ರ ಜನವರಿಯಲ್ಲಿ ಮೈಸೂರಿನ ಪ್ರಧಾನ ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆದ ಮೇಲೆ ಜಿಲ್ಲೆಗಳ ಅಂಚೆ ಕಚೇರಿಗಳಲ್ಲೂ ಆ ವ್ಯವಸ್ಥೆ ಹಬ್ಬಿದೆ. ೩೬ ಪುಟದ ಪಾಸ್‌ಪೋರ್ಟ್‌ಗೆ ದೊಡ್ಡವರಿಗೆ ೧,೫೦೦ ರೂಪಾಯಿ, ಮಕ್ಕಳಿಗೆ ೧,೦೦೦ ರೂಪಾಯಿ ಶುಲ್ಕ. ತತ್ಕಾಲ್ ಬೇಕೆಂದರೆ ಮೇಲೆ ಇನ್ನೂ ೨,೦೦೦.

ಮಕ್ಕಳ ವಿಷಯದಲ್ಲಿ ಇನ್ನೊಂದು ಎಚ್ಚರ. ದೊಡ್ಡವರ ಪಾಸ್‌ಪೋರ್ಟ್ ಹತ್ತು ವರ್ಷ ನಡೆಯುತ್ತದೆ, ಮಕ್ಕಳದು ಐದೇ ವರ್ಷ. ಅಪ್ಪ ಅಮ್ಮನದು ಚೆನ್ನಾಗಿದೆ ಎಂದು ನೆಮ್ಮದಿಯಿಂದ ಇದ್ದು, ಮಗುವಿನದು ಮುಗಿದಿರುವುದು ಕೊನೆಗೆ ಗೊತ್ತಾಗುವುದುಂಟು. ೨೦೨೩ರ ಅಕ್ಟೋಬರ್ ೧ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರವೇ ಬೇಕು, ಜನ್ಮದಿನಾಂಕಕ್ಕೆ ಬೇರೆ ದಾಖಲೆ ಒಪ್ಪುವುದಿಲ್ಲ. ಯಾರದೇ ಆಗಲಿ, ಪ್ರಯಾಣದ ದಿನದಿಂದ ಮುಂದಕ್ಕೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಟಿಕೆಟ್ಟಿನಲ್ಲಿ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ, ಅಕ್ಷರಕ್ಕೆ ಅಕ್ಷರ ಇರಬೇಕು. ಮನೆಯಲ್ಲಿ ಕರೆಯುವ ಹೆಸರು ಅಲ್ಲಿ ಕೆಲಸಕ್ಕೆ ಬಾರದು.

ವೀಸಾ ಬೇಡ ಎಂದರೂ ಕೆಲಸ ಇದೆ

೨೦೨೩ರ ನವೆಂಬರ್‌ನಲ್ಲಿ ಥಾಯ್ಲೆಂಡ್ ಭಾರತೀಯ ಪ್ರವಾಸಿಗರಿಗೆ ವೀಸಾ ವಿನಾಯಿತಿ ಕೊಟ್ಟಿತು. ನಾವು ಹೋದಾಗಲೂ ವೀಸಾ ಬೇಕಿರಲಿಲ್ಲ. ಇಂಥ ನಿಯಮಗಳು ಬದಲಾಗುತ್ತಲೇ ಇರುತ್ತವೆ. ಟಿಕೆಟ್ ಮಾಡುವ ಮುನ್ನ ಒಮ್ಮೆ, ಹೊರಡುವುದಕ್ಕೆ ಹದಿನೈದು ದಿನ ಮೊದಲು ಇನ್ನೊಮ್ಮೆ ಆ ದೇಶದ ರಾಯಭಾರ ಕಚೇರಿಯ ಜಾಲತಾಣವನ್ನೇ ನೋಡಿ. ಪಕ್ಕದ ಮನೆಯವರು ಹೋದ ವರ್ಷ ಹೋಗಿ ಬಂದ ನಿಯಮ ಈ ವರ್ಷ ಇರಬೇಕೆಂದೇನಿಲ್ಲ.

ವಿನಾಯಿತಿ ಇದ್ದರೂ ೨೦೨೫ರ ಮೇ ೧ರಿಂದ ಥಾಯ್ಲೆಂಡಿಗೆ ಹೋಗುವ ಪ್ರತಿಯೊಬ್ಬ ವಿದೇಶಿಯೂ ಆನ್‌ಲೈನ್‌ನಲ್ಲಿ ಡಿಜಿಟಲ್ ಆಗಮನ ಚೀಟಿ ತುಂಬಬೇಕು. ತಲುಪುವ ಮೊದಲಿನ ಮೂರು ದಿನಗಳ ಒಳಗೆ ತುಂಬಬೇಕು. ಅದು ಉಚಿತ. ಹಣ ಕೇಳುವ ನಕಲಿ ತಾಣಗಳೂ ಇವೆ, ಜೋಪಾನ. ನಮ್ಮ ಮನೆಯಲ್ಲಿ ಈ ಕೆಲಸವನ್ನು ಪಿಯುಸಿ ಓದುವ ಇಬ್ಬರು ಹುಡುಗಿಯರಿಗೆ ವಹಿಸಿದೆವು. ಒಂದು ಭಾನುವಾರ ಮಧ್ಯಾಹ್ನ ಕೂತು ಹದಿನಾಲ್ಕು ಹಿರಿಯರ ಚೀಟಿ ತುಂಬಿ, ಪ್ರತಿ ಹಾಳೆಯನ್ನೂ ಮುದ್ರಿಸಿ, ಆಯಾ ಪಾಸ್‌ಪೋರ್ಟ್‌ನೊಳಗೆ ಮಡಚಿ ಇಟ್ಟರು.

ಜೊತೆಗೆ ವಾಪಸು ಟಿಕೆಟ್, ಹೋಟೆಲ್ಲಿನ ಕಾಗದ ಮತ್ತು ಇಂಗ್ಲಿಷಿನಲ್ಲಿ ಮುದ್ರಿಸಿದ ಒಂದು ಲಗ್ನಪತ್ರಿಕೆ ಎಲ್ಲರ ಕೈಯಲ್ಲೂ ಇರಲಿ. 'ಯಾಕೆ ಬಂದಿರಿ?' ಎಂದು ಅಧಿಕಾರಿ ಕೇಳಿದರೆ ಭಾಷೆ ಬಾರದ ಹಿರಿಯರು ಅದನ್ನು ತೋರಿಸಿದರೆ ಸಾಕು.

ಯಾರ ಖರ್ಚು ಯಾರದು?

ಹೊರದೇಶದ ಮದುವೆಯಲ್ಲಿ ನೆಂಟಸ್ತನ ಕೆಡುವುದು ಹೆಚ್ಚಾಗಿ ಇಲ್ಲೇ. 'ನೀವೆಲ್ಲ ಬರಲೇಬೇಕು' ಎಂದು ಕರೆಯುವವರು ಹೇಳುತ್ತಾರೆ. ಟಿಕೆಟ್ ಅವರೇ ಮಾಡಿಸುತ್ತಾರೋ, ನಾವು ಮಾಡಿಸಬೇಕೋ ಎಂದು ಕೇಳಲು ಕರೆಸಿಕೊಂಡವರಿಗೆ ಸಂಕೋಚ. ಕೊನೆಗೆ ಇಬ್ಬರಿಗೂ ಬೇಸರ.

ತಲೆಗೆ ೪೦ ಸಾವಿರ ರೂಪಾಯಿ ಎಂದು ಇಟ್ಟುಕೊಳ್ಳಿ. ನಾಲ್ವರ ಕುಟುಂಬಕ್ಕೆ ೧ ಲಕ್ಷ ೬೦ ಸಾವಿರ ಆಯಿತು. ತಿಂಗಳ ಸಂಬಳದಲ್ಲಿ ಮಕ್ಕಳ ಶಾಲೆ ಶುಲ್ಕ ಕಟ್ಟುವ ಮನೆಗೆ ಅದು ಸಣ್ಣ ಮಾತಲ್ಲ. ಹಾಗಾಗಿ ಆಮಂತ್ರಣದ ಜೊತೆಗೇ ಒಂದು ಹಾಳೆಯಲ್ಲಿ ಮೂರು ಸಾಲು ಸ್ಪಷ್ಟವಾಗಿ ಬರೆದುಬಿಡಿ. ನಾವು ಕೊಡುವುದು ಇಷ್ಟು: ಮೂರು ರಾತ್ರಿಯ ಕೋಣೆ, ಊಟ, ವಿಮಾನ ನಿಲ್ದಾಣದಿಂದ ಬಸ್ಸು. ನೀವು ನೋಡಿಕೊಳ್ಳಬೇಕಾದದ್ದು ಇಷ್ಟು: ವಿಮಾನದ ಟಿಕೆಟ್, ವಿಮೆ, ಮದುವೆಯಾದ ಮೇಲೆ ಸುತ್ತಾಟ. ಮೂರನೆಯ ಸಾಲು: ಮುಯ್ಯಿ, ಉಡುಗೊರೆ ಬೇಡ, ನೀವು ಬರುವುದೇ ಮುಯ್ಯಿ.

ಈ ಮೂರನೆಯ ಸಾಲನ್ನು ಮರೆಯಬೇಡಿ. ಲಕ್ಷ ಖರ್ಚು ಮಾಡಿ ಬಂದವರು ಕವರಿನಲ್ಲಿ ಎಷ್ಟು ಹಾಕಲಿ ಎಂದು ಯೋಚಿಸುವಂತೆ ಆಗಬಾರದು. ಹಾಗೆಯೇ ಕೈ ಬಿಗಿಯಿರುವ ಹತ್ತಿರದವರ ಟಿಕೆಟ್ಟನ್ನು ಮನೆಯ ಹಿರಿಯರೊಬ್ಬರು ಸದ್ದಿಲ್ಲದೆ ಮಾಡಿಸಿ ಕೊಟ್ಟರೆ ಮೇಲು. ವಾಟ್ಸ್‌ಆಪ್ ಗುಂಪಿನಲ್ಲಿ ಕೇಳುವ ವಿಷಯ ಇದಲ್ಲ.

ಸಾಮಾನ್ಯವಾಗಿ ಹತ್ತು ಮಂದಿ ಮೀರಿದರೆ ವಿಮಾನ ಕಂಪನಿಗಳು ಗುಂಪಿನ ದರ ಹೇಳುತ್ತವೆ. ಮುಂಗಡ ಕೊಟ್ಟು ಹೆಸರುಗಳನ್ನು ಆಮೇಲೆ ಕೊಡುವ ಅನುಕೂಲವೂ ಇರುತ್ತದೆ. ಒಬ್ಬರು ರದ್ದು ಮಾಡಿದರೆ ಉಳಿದವರಿಗೆ ಏನಾಗುತ್ತದೆ ಎಂದು ಮೊದಲೇ ಬರಹದಲ್ಲಿ ಕೇಳಿಕೊಳ್ಳಿ. ನಮಗೆ ಸಿಕ್ಕ ಒಬ್ಬ ಏಜೆಂಟು 'ಎಲ್ಲ ಸೇರಿ' ಎಂದು ದರ ಕೊಟ್ಟರು. ಬಿಡಿಸಿ ಕೇಳಿದಾಗ ನಿಲ್ದಾಣದಿಂದ ಹೋಟೆಲ್ಲಿಗೆ ಬಸ್ಸು ಅದರಲ್ಲಿ ಇರಲೇ ಇಲ್ಲ!

ಸುವರ್ಣಭೂಮಿಯೋ, ಡಾನ್ ಮುವಾಂಗೋ?

ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನೇರ ವಿಮಾನದಲ್ಲಿ ಸುಮಾರು ಮೂರೂವರೆ ಗಂಟೆ. ಬ್ಯಾಂಕಾಕ್‌ನಲ್ಲಿ ಎರಡು ವಿಮಾನ ನಿಲ್ದಾಣಗಳಿವೆ. ಒಂದು ಸುವರ್ಣಭೂಮಿ, ನಮ್ಮ ಕಿವಿಗೂ ಇಂಪಾದ ಹೆಸರು. ಇನ್ನೊಂದು ಡಾನ್ ಮುವಾಂಗ್. ಎರಡೂ ಊರಿನ ಬೇರೆ ಬೇರೆ ದಿಕ್ಕಿನಲ್ಲಿವೆ. ಅತಿಥಿಗಳು ತಮಗೆ ಅಗ್ಗವಾಗಿ ಸಿಕ್ಕ ಟಿಕೆಟ್ ಮಾಡಿಸಿದರೆ ಅರ್ಧ ಜನ ಇಲ್ಲಿ, ಅರ್ಧ ಜನ ಅಲ್ಲಿ ಇಳಿಯುತ್ತಾರೆ. ನಿಮ್ಮ ಬಸ್ಸು ಮಾತ್ರ ಒಂದೇ ಕಡೆ ಕಾಯುತ್ತಿರುತ್ತದೆ. ಆದ್ದರಿಂದ ಯಾವ ನಿಲ್ದಾಣ, ಯಾವ ದಿನ, ಎಷ್ಟು ಗಂಟೆಯ ಒಳಗೆ ಎಂದು ಆಮಂತ್ರಣದಲ್ಲೇ ತಿಳಿಸಬೇಕು.

ಅಲ್ಲಿಂದ ಹುವಾ ಹಿನ್‌ಗೆ ರಸ್ತೆಯಲ್ಲಿ ಸುಮಾರು ಮೂರು ಗಂಟೆ. ನೆಂಟರಿಗೆ ಇದನ್ನೂ ಮುಂಚೆಯೇ ಹೇಳಿ. ವಿಮಾನ ಇಳಿದರೆ ಮದುವೆ ಮನೆ ಬಂತು ಎಂದುಕೊಂಡು ಬಂದವರಿಗೆ ಆ ಮೂರು ಗಂಟೆ ಆರು ಗಂಟೆಯಂತೆ ಕಾಣುತ್ತದೆ. ಮಕ್ಕಳಿಗೂ ಹಿರಿಯರಿಗೂ ನಡುವೆ ಒಂದು ನಿಲುಗಡೆ ಇರಲೇಬೇಕು. ಪ್ರತಿ ಬಸ್ಸಿಗೆ ತಲೆ ಎಣಿಸುವ ಒಬ್ಬರನ್ನು ನೇಮಿಸಿ. ನಿಂತಲ್ಲೆಲ್ಲ ಎಣಿಸಲಿ.

ತಾರೀಖಿನ ಒಂದು ಬಲೆಯೂ ಇದೆ. ಟಿಕೆಟ್ಟಿನಲ್ಲಿ '೧೨ನೇ ತಾರೀಖು, ೦೦:೩೦' ಎಂದಿದ್ದರೆ ಮನೆ ಬಿಡಬೇಕಾದದ್ದು ೧೧ರ ಸಂಜೆ. ಹನ್ನೆರಡರ ರಾತ್ರಿ ಎಂದುಕೊಂಡರೆ ವಿಮಾನ ಹೋಗಿ ಒಂದು ದಿನ ಆಗಿರುತ್ತದೆ. ಹಿರಿಯರಿಗೆ ಕೊಡುವ ಹಾಳೆಯಲ್ಲಿ ವಿಮಾನದ ಹೊತ್ತು ಬರೆಯುವ ಬದಲು 'ಮಂಗಳವಾರ ಸಂಜೆ ೫ಕ್ಕೆ ಮನೆಯಿಂದ ಹೊರಡುವುದು' ಎಂದು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೇ ಬರೆಯಿರಿ. ಜಿಲ್ಲೆಗಳಿಂದ ಬರುವವರು ಹಿಂದಿನ ದಿನವೇ ಬೆಂಗಳೂರಿನ ನೆಂಟರ ಮನೆಗೆ ಬಂದು ಮಲಗಿ ಎದ್ದರೆ ದೇಹಕ್ಕೂ ಹಿತ.

ದಿನ ಗೊತ್ತುಮಾಡುವಾಗ ಅಲ್ಲಿನ ಹಬ್ಬ, ಮಳೆ ಎರಡನ್ನೂ ನೋಡಿ. ಏಪ್ರಿಲ್ ೧೩ರಿಂದ ೧೫ರವರೆಗೆ ಥಾಯ್ ಜನರ ಹೊಸ ವರ್ಷ ಸೊಂಗ್‌ಕ್ರಾನ್. ನಮ್ಮ ಕರಾವಳಿಯ ಬಿಸು ಹಬ್ಬದ ಹೊತ್ತಿಗೇ ಬರುತ್ತದೆ. ಬೀದಿ ತುಂಬ ನೀರೆರಚಾಟ, ರಸ್ತೆ, ಹೋಟೆಲು ಎಲ್ಲ ಭರ್ತಿ. ಫುಕೆಟ್ ಕಡೆ ಮೇಯಿಂದ ಅಕ್ಟೋಬರ್‌ವರೆಗೆ ಮಳೆ. ಹುವಾ ಹಿನ್ ಇರುವ ಕೊಲ್ಲಿಯ ಕಡೆ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಮಳೆ ಜೋರು.

ಮಕ್ಕಳಿಗೊಂದು ಲೆಕ್ಕ

ಮಕ್ಕಳೇ, ಥಾಯ್ಲೆಂಡಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದೆ. ಬೆಂಗಳೂರಿನಿಂದ ರಾತ್ರಿ ೧೧ಕ್ಕೆ ಹೊರಟು ಮೂರೂವರೆ ಗಂಟೆ ಹಾರಿದರೆ ಅಲ್ಲಿ ಇಳಿಯುವಾಗ ಅಲ್ಲಿನ ಗಡಿಯಾರ ಎಷ್ಟು ತೋರಿಸುತ್ತದೆ? ಬೆಳಗಿನ ಜಾವ ೪ ಗಂಟೆ!

ಇನ್ನೊಂದು ಸ್ವಾರಸ್ಯ ಕೇಳಿ. ಭೂಪಟ ತೆಗೆದು ನೋಡಿದರೆ ಬೆಂಗಳೂರು ಮತ್ತು ಹುವಾ ಹಿನ್ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಎರಡರ ರೇಖಾಂಶದ ವ್ಯತ್ಯಾಸ ಸುಮಾರು ೨೨ ಡಿಗ್ರಿ. ಒಂದು ಡಿಗ್ರಿಗೆ ೪ ನಿಮಿಷದಂತೆ ಲೆಕ್ಕ ಹಾಕಿದರೆ ಸುಮಾರು ಒಂದೂವರೆ ಗಂಟೆ. ಗಡಿಯಾರದ ವ್ಯತ್ಯಾಸವೂ ಅಷ್ಟೇ! ಹಾಗಾಗಿ ಎರಡೂ ಊರಿನಲ್ಲಿ ಆಯಾ ಊರಿನ ಗಡಿಯಾರದ ಪ್ರಕಾರ ಸೂರ್ಯ ಹುಟ್ಟುವುದು ಬಹುತೇಕ ಒಂದೇ ಹೊತ್ತಿಗೆ. ಆದರೆ ತಿಥಿ, ನಕ್ಷತ್ರ ಮುಗಿಯುವ ಹೊತ್ತು ಅಲ್ಲಿನ ಗಡಿಯಾರದಲ್ಲಿ ಒಂದೂವರೆ ಗಂಟೆ ಮುಂದೆ ಹೋಗುತ್ತದೆ. ಅದಕ್ಕೇ ಮುಹೂರ್ತವನ್ನು ನಮ್ಮೂರ ಪಂಚಾಂಗದಿಂದ ಹಾಗೇ ಎತ್ತಿ ಬರೆಯದೆ, ಆ ಊರಿಗೆ ಲೆಕ್ಕ ಹಾಕಿಸಬೇಕು.

ದೊಡ್ಡವರು ಗಮನಿಸಬೇಕಾದದ್ದು ಬೇರೆ. ಅಲ್ಲಿ ಬೆಳಿಗ್ಗೆ ೬ರ ಮುಹೂರ್ತ ಎಂದರೆ ನಮ್ಮ ದೇಹಕ್ಕೆ ನಾಲ್ಕೂವರೆ. ಸೀರೆ ಉಟ್ಟು ಸಿದ್ಧರಾಗಲು ಎಷ್ಟು ಗಂಟೆಗೆ ಏಳಬೇಕು ಎಂದು ಯೋಚಿಸಿ. ಹಿರಿಯರನ್ನು ಕನಿಷ್ಠ ಎರಡು ರಾತ್ರಿ ಮೊದಲೇ ಕರೆತನ್ನಿ.

ಅತ್ತಿಗೆ ಕೇಳಿದ ಪ್ರಶ್ನೆ

ಪಾಸ್‌ಪೋರ್ಟ್ ಬಂದ ದಿನ ಅತ್ತಿಗೆ ಅದರಲ್ಲಿನ ತಮ್ಮ ಫೋಟೋ ನೋಡಿ ನಕ್ಕರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, 'ಅಪ್ಪಾ, ಅಲ್ಲಿ ನನಗೇನಾದರೂ ಆದರೆ ಇಲ್ಲಿಗೆ ತರೋರು ಯಾರು? ನಿಮ್ಮಣ್ಣನ ಪಕ್ಕದಲ್ಲೇ ನನ್ನನ್ನ ಇಡಬೇಕು' ಎಂದರು. ಮನೆಯ ಬೇರೆ ಯಾರ ಹತ್ತಿರವೂ ಅವರು ಇದನ್ನು ಕೇಳಿರಲಿಲ್ಲ. ಮದುವೆ ಮನೆಯಲ್ಲಿ ಇಂಥ ಮಾತು ಆಡಬಾರದು ಎಂದು ನುಂಗಿಕೊಂಡಿದ್ದರು.

'ಹಾಗೆಲ್ಲ ಅನ್ನಬೇಡಿ ಅತ್ತಿಗೆ' ಎಂದು ಬಾಯಿ ಮುಚ್ಚಿಸಬಹುದಿತ್ತು. ಆದರೆ ಅದು ನ್ಯಾಯವಾದ ಪ್ರಶ್ನೆ. ಉತ್ತರವೂ ಇದೆ. ಪ್ರವಾಸ ವಿಮೆಯಲ್ಲಿ ಆಸ್ಪತ್ರೆಯ ಖರ್ಚಿನ ಜೊತೆಗೆ, ಸಾವು ಸಂಭವಿಸಿದರೆ ದೇಹವನ್ನು ಊರಿಗೆ ತರುವ ವೆಚ್ಚವೂ ಸಾಮಾನ್ಯವಾಗಿ ಸೇರಿರುತ್ತದೆ. ವಿಮೆಯ ಕಾಗದ ತಂದು, ಆ ಸಾಲಿನ ಕೆಳಗೆ ಗೆರೆ ಎಳೆದು, ಕನ್ನಡದಲ್ಲಿ ಓದಿ ಹೇಳಿದೆ. 'ಹಂಗಾದರೆ ಬರ್ತೀನಿ' ಎಂದರು. ಅಷ್ಟು ದಿನ ಅವರು ಬರುತ್ತೇನೆ ಎಂದು ಒಮ್ಮೆಯೂ ಹೇಳಿರಲಿಲ್ಲ ಎಂಬುದು ನನಗೆ ಹೊಳೆದದ್ದು ಆಗಲೇ.

ವಯಸ್ಸಾದಂತೆ ವಿಮೆಯ ಕಂತು ಏರುತ್ತದೆ. ಆದರೂ ಹಿರಿಯರಿಗೆ ಬಿಡಬೇಡಿ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹಿಂದೆ ಆದ ಶಸ್ತ್ರಚಿಕಿತ್ಸೆ ಯಾವುದನ್ನೂ ಮುಚ್ಚಿಡದೆ ಬರೆಯಿರಿ. ಮುಚ್ಚಿಟ್ಟರೆ ಬೇಕಾದಾಗ ಹಣ ಬಾರದು. ಗಾಲಿಕುರ್ಚಿ ಬೇಕಿದ್ದರೆ ಕನಿಷ್ಠ ೪೮ ಗಂಟೆ ಮೊದಲು ವಿಮಾನ ಕಂಪನಿಗೆ ತಿಳಿಸಿ. 'ನನಗೆ ಕಾಲಿದೆ, ನಡೀತೀನಿ' ಎನ್ನುವ ಸ್ವಾಭಿಮಾನಿಗಳಿಗೆ ಸುವರ್ಣಭೂಮಿಯ ಉದ್ದದ ಓಣಿಗಳನ್ನು ವಿವರಿಸಿ ಒಪ್ಪಿಸಬೇಕು. ಮಾತ್ರೆ, ಇನ್ಸುಲಿನ್ ಎಲ್ಲ ಕೈಚೀಲದಲ್ಲಿ, ವೈದ್ಯರ ಚೀಟಿಯ ಸಮೇತ, ನಾಲ್ಕು ದಿನಕ್ಕೆ ಹೆಚ್ಚಾಗಿಯೇ ಇರಲಿ. ಗರ್ಭಿಣಿಯರಿದ್ದರೆ ೨೮ ವಾರ ದಾಟಿದ ಮೇಲೆ ವಿಮಾನ ಕಂಪನಿಗಳು ಸಾಮಾನ್ಯವಾಗಿ ವೈದ್ಯರ ಪ್ರಮಾಣಪತ್ರ ಕೇಳುತ್ತವೆ.

ಕೊಬ್ಬರಿ ಮನೆಯಲ್ಲೇ ಇರಲಿ

ನಮ್ಮ ಮದುವೆಯ ಸಾಮಾನಿನ ಪಟ್ಟಿಗೂ ವಿಮಾನದ ನಿಯಮಕ್ಕೂ ಹೊಂದುವುದು ಕಷ್ಟ. ತಿಪಟೂರಿನ ಒಳ್ಳೆಯ ಕೊಬ್ಬರಿ ಗಿಟುಕು ಪೆಟ್ಟಿಗೆಗೆ ತುಂಬಿದರೆ ನಿಲ್ದಾಣದಲ್ಲಿ ತೆಗೆಸುತ್ತಾರೆ. ಎಣ್ಣೆಯಂಶ ಹೆಚ್ಚಿರುವ ಒಣ ಕೊಬ್ಬರಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು ಎಂದು ಅದನ್ನು ಅಪಾಯಕಾರಿ ವಸ್ತುಗಳ ಸಾಲಿಗೆ ಸೇರಿಸಿದ್ದಾರೆ. ಕರ್ಪೂರ, ಬೆಂಕಿಪೊಟ್ಟಣಕ್ಕೂ ಪೆಟ್ಟಿಗೆಯಲ್ಲಿ ಜಾಗವಿಲ್ಲ. ಫೋನಿಗೆ ಚಾರ್ಜು ಕೊಡುವ ಪವರ್ ಬ್ಯಾಂಕ್ ಪೆಟ್ಟಿಗೆಯಲ್ಲಿ ಇಡಬಾರದು, ಕೈಚೀಲದಲ್ಲೇ ಇರಬೇಕು.

ಮದುವೆ ದುಬೈ ಅಥವಾ ಸಿಂಗಪುರದಲ್ಲಿ ಎಂದಾದರೆ ಗಸಗಸೆಯ ಗಂಟನ್ನು ಮುಟ್ಟಲೇಬೇಡಿ. ಪಾಯಸಕ್ಕೆ ಹಾಕುವ ಗಸಗಸೆ ಅಲ್ಲಿ ನಿಷೇಧಿತ ವಸ್ತು. ಎಷ್ಟು ಚಿಕ್ಕ ಪೊಟ್ಟಣವಾದರೂ ಕೇಸಾಗಬಹುದು. ದುಬೈಗೆ ವೀಳ್ಯದೆಲೆಯನ್ನೂ ಒಯ್ಯುವಂತಿಲ್ಲ. ಥಾಯ್ಲೆಂಡಿಗೆ ಹೋಗುವವರು ಇ-ಸಿಗರೇಟ್ ಒಯ್ಯಬಾರದು, ಅಲ್ಲಿ ಅದು ಕಾನೂನುಬಾಹಿರ. ಗೆಳೆಯರ ಬಳಗದ ಹುಡುಗರಿಗೆ ಇದನ್ನು ಮೊದಲೇ ಹೇಳಿ.

ಥಾಯ್ಲೆಂಡಿಗೆ ಹೂವು, ಬಾಳೆಎಲೆ, ತೆಂಗಿನಕಾಯಿ ಹೊತ್ತೊಯ್ಯುವ ಅಗತ್ಯವೇ ಇಲ್ಲ. ಚೆಂಡುಹೂವು, ಮಲ್ಲಿಗೆ ಅಲ್ಲಿ ರಾಶಿ ರಾಶಿ. ಬ್ಯಾಂಕಾಕ್‌ನ ಪಾಕ್ ಖ್ಲೋಂಗ್ ತಲಾತ್ ಎಂಬ ಹೂವಿನ ಸಂತೆ ಕಂಡರೆ ನಮ್ಮ ಕೆ.ಆರ್. ಮಾರುಕಟ್ಟೆ ನೆನಪಾಗುತ್ತದೆ. ಅರಿಶಿನ, ಕುಂಕುಮ, ಅಗರಬತ್ತಿ ಅಲ್ಲಿನ ಪಹುರಾತ್ ಎಂಬ ಭಾರತೀಯರ ಪೇಟೆಯಲ್ಲಿ ಸಿಗುತ್ತವೆ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಒಂದು ಮಾತು ತಿಳಿದಿರಲಿ. ಥಾಯ್ ಅಡುಗೆಯಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾರದ 'ನಾಮ್ ಪ್ಲಾ' ಹಾಕುವ ರೂಢಿ ಇದೆ. ಹೊರಗೆ ತಿನ್ನುವಾಗ 'ಜೇ' ಎಂದು ಕೇಳಿ. ಅದು ಮಾಂಸ, ಮೀನು, ಮೊಟ್ಟೆ, ಹಾಲು ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲದ ಅಡುಗೆ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಕಂಡರೆ ಅದೇ ಗುರುತು.

ದುಡ್ಡು ಮತ್ತು ಒಡವೆ

ಇಲ್ಲಿ ನನ್ನ ಹಳೆಯ ಕಸುಬು ಮಾತಾಡುತ್ತದೆ. ೨೦೨೦ರಿಂದ ಹೊಸ ಕಾರ್ಡುಗಳು ಭಾರತದೊಳಗೆ ಮಾತ್ರ ನಡೆಯುವಂತೆ ಬರುತ್ತವೆ. ಹೊರದೇಶದ ಬಳಕೆಯನ್ನು ನಾವೇ ಬ್ಯಾಂಕಿಗೆ ಹೇಳಿ ತೆರೆಸಬೇಕು. ಅಲ್ಲಿ ಅಂಗಡಿಯ ಯಂತ್ರ 'ರೂಪಾಯಿಯಲ್ಲೋ ಬಾತ್‌ನಲ್ಲೋ?' ಎಂದು ಕೇಳಿದರೆ ಬಾತ್ ಎಂದೇ ಒತ್ತಿ. ರೂಪಾಯಿ ಒತ್ತಿದರೆ ಅವರು ಹೇಳಿದ ವಿನಿಮಯ ದರ ನಿಮ್ಮ ತಲೆಗೆ. ಅಲ್ಲಿನ ಎಟಿಎಂಗಳು ಒಂದು ಸಲಕ್ಕೆ ೨೦೦ ಬಾತ್‌ಗೂ ಹೆಚ್ಚು ಶುಲ್ಕ ಹಿಡಿಯುತ್ತವೆ. ನಾಲ್ಕು ಸಲ ಸ್ವಲ್ಪ ಸ್ವಲ್ಪ ತೆಗೆಯುವ ಬದಲು ಒಮ್ಮೆ ಬೇಕಾದಷ್ಟು ತೆಗೆಯಿರಿ. ಯುಪಿಐ ಎಲ್ಲ ಕಡೆ ನಡೆಯುತ್ತದೆ ಎಂಬ ಧೈರ್ಯದಲ್ಲಿ ಹೋಗಬೇಡಿ.

ಒಬ್ಬರು ಒಂದು ಪ್ರಯಾಣಕ್ಕೆ ನೋಟಿನ ರೂಪದಲ್ಲಿ ೩,೦೦೦ ಡಾಲರಿನಷ್ಟು ವಿದೇಶಿ ಹಣ, ೨೫,೦೦೦ ರೂಪಾಯಿ ಭಾರತೀಯ ಹಣ ಒಯ್ಯಬಹುದು. ಹೆಚ್ಚಿನದು ಕಾರ್ಡಿನಲ್ಲಿ. ೫೦ ಸಾವಿರ ರೂಪಾಯಿ ಮೀರಿದ ವಿದೇಶಿ ಹಣವನ್ನು ನಗದು ಕೊಟ್ಟು ಕೊಳ್ಳುವಂತಿಲ್ಲ, ಚೆಕ್ಕು ಅಥವಾ ಖಾತೆಯ ಮೂಲಕವೇ ಆಗಬೇಕು.

ಪ್ರವಾಸದ ಪ್ಯಾಕೇಜಿಗೆ ಹಣ ಕಟ್ಟುವಾಗ 'ಟಿಸಿಎಸ್' ಎಂದು ಒಂದಿಷ್ಟು ಹಿಡಿಯುತ್ತಾರೆ. ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತದೆ. ಅದು ಕಳೆದುಹೋದ ಹಣವಲ್ಲ. ಯಾರ ಪ್ಯಾನ್ ಸಂಖ್ಯೆಯಲ್ಲಿ ಕಟ್ಟಿದಿರೋ ಅವರ ಆದಾಯ ತೆರಿಗೆಗೆ ಜಮೆ ಆಗುತ್ತದೆ, ಹೆಚ್ಚಾದರೆ ರಿಟರ್ನ್ಸ್ ಸಲ್ಲಿಸಿ ವಾಪಸು ಪಡೆಯಬಹುದು. ರಿಟರ್ನ್ಸ್ ಸಲ್ಲಿಸದ ಅಜ್ಜನ ಹೆಸರಿನಲ್ಲಿ ಕಟ್ಟಿ ಆಮೇಲೆ ಪರದಾಡುವುದಕ್ಕಿಂತ, ಸಲ್ಲಿಸುವವರ ಹೆಸರಿನಲ್ಲೇ ಕಟ್ಟುವುದು ಜಾಣತನ.

ಒಡವೆಯ ವಿಷಯದಲ್ಲಿ ಮೈಮರೆಯಬೇಡಿ. ಮದುವೆಗೆ ಒಯ್ದ ಚಿನ್ನವನ್ನೇ ವಾಪಸು ತರುವಾಗ 'ಇದನ್ನು ಅಲ್ಲೇ ಕೊಂಡಿರಾ?' ಎಂಬ ಪ್ರಶ್ನೆ ಬರಬಹುದು. ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳಿಗೆ ಒಡವೆ ತೋರಿಸಿ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಿ. ತೂಕದ ಚೀಟಿ, ಫೋಟೋ ಜೊತೆಗಿರಲಿ. ಇದಕ್ಕಾಗಿ ಒಂದು ಗಂಟೆ ಮುಂಚೆ ಹೊರಡಬೇಕು. ಊರಿನ ಸೊಸೆಯಂದಿರ ಒಡವೆಗಳೆಲ್ಲ ಹೋಗಲೇಬೇಕೆಂದಿಲ್ಲ. ಮಾಂಗಲ್ಯ, ಎರಡು ಬಳೆ, ಒಂದು ಸರ ಸಾಕು ಎಂದು ಹಿರಿಯರೊಬ್ಬರು ಹೇಳಿದರೆ ಎಲ್ಲರಿಗೂ ಹಗುರ.

ಕೊರಳಿನ ಚೀಟಿ, ಮನೆಯ ಬೀಗ

ಚಿಕ್ಕ ಮಕ್ಕಳ ಕೊರಳಿಗೆ ಒಂದು ಚೀಟಿ ಹಾಕಿ. ಅದರಲ್ಲಿ ಹೋಟೆಲ್ಲಿನ ಹೆಸರು ಥಾಯ್ ಲಿಪಿಯಲ್ಲೂ ಇರಲಿ, ಅಲ್ಲಿನ ಎಷ್ಟೋ ಟ್ಯಾಕ್ಸಿ ಚಾಲಕರಿಗೆ ಇಂಗ್ಲಿಷ್ ಓದಲು ಬಾರದು. ಜೊತೆಗೆ ಇಬ್ಬರ ಫೋನ್ ಸಂಖ್ಯೆ. ಅಂಥದೇ ಚೀಟಿ ಅಜ್ಜ ಅಜ್ಜಿಯರ ಜೇಬಿನಲ್ಲೂ ಇರಲಿ. ಹಿರಿಯರ ಕೋಣೆ ಲಿಫ್ಟಿನ ಹತ್ತಿರ, ಅವರ ಪಕ್ಕದ ಕೋಣೆಯಲ್ಲಿ ಮೊಮ್ಮಕ್ಕಳಲ್ಲಿ ದೊಡ್ಡವರು ಎಂದು ಮೊದಲೇ ಹಂಚಿಬಿಡಿ. ತಂದೆ ತಾಯಿಯಲ್ಲಿ ಒಬ್ಬರೇ ಮಗುವನ್ನು ಕರೆದೊಯ್ಯುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಜೊತೆಗಿರುವುದು ಒಳ್ಳೆಯದು.

ಮನೆಯಲ್ಲಿ ಉಳಿದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಎಲ್ಲರೂ ಹೊರಟರೆ ಹಸುವಿಗೆ ಮೇವು ಹಾಕುವವರು ಯಾರು, ಹಾಸಿಗೆ ಹಿಡಿದ ದೊಡ್ಡಪ್ಪನನ್ನು ನೋಡಿಕೊಳ್ಳುವವರು ಯಾರು? ನಮ್ಮಲ್ಲಿ ಎರಡು ಮನೆಯವರು ಅದಕ್ಕಾಗಿಯೇ ಹಿಂದೆ ಉಳಿದರು. ಅವರ ಹೆಸರನ್ನೂ ನನ್ನ ಪುಸ್ತಕದಲ್ಲಿ ಬರೆದಿದ್ದೆ.

ಬಾರದವರಿಗೂ ಒಂದು ಎಲೆ

ಎಷ್ಟೇ ಮಾಡಿದರೂ ಕೆಲವರು ಬರಲಾರರು. ರಜೆ ಸಿಗದವರು, ಪರೀಕ್ಷೆ ಇರುವವರು, ಆರೋಗ್ಯ ಸರಿಯಿಲ್ಲದವರು, ಹಣ ಹೊಂದದವರು. 'ಬರಲು ಆಗುವುದಿಲ್ಲ' ಎಂದವರನ್ನು ಯಾಕೆ ಎಂದು ಎರಡನೆಯ ಸಲ ಕೇಳಬಾರದು. ಅವರಿಗಾಗಿ ಊರಿನಲ್ಲಿ ಒಂದು ಊಟ ಇಡಿ. ಹುವಾ ಹಿನ್‌ನಿಂದ ಬಂದ ಮೂರನೆಯ ವಾರ ನಮ್ಮ ಹಳ್ಳಿಯ ಮನೆಯ ಅಂಗಳದಲ್ಲಿ ಚಪ್ಪರ ಹಾಕಿ ಎಲೆ ಹಾಕಿದೆವು. ಅಲ್ಲಿ ಉಳಿದ ಗಸಗಸೆ ಪಾಯಸ ಇಲ್ಲಿ ಆಯಿತು. ವಧೂವರರು ಪ್ರತಿಯೊಂದು ಪಂಕ್ತಿಯಲ್ಲೂ ನಿಂತು ಬಡಿಸಿದರು.

ಮದುವೆಯೂ ಚೆನ್ನಾಗಿಯೇ ನಡೆಯಿತು. ಧಾರೆಯ ಹೊತ್ತಿಗೆ ಅತ್ತಿಗೆ ಮೊದಲ ಸಾಲಿನಲ್ಲಿ ಕೂತಿದ್ದರು. ಮಧ್ಯಾಹ್ನ ಸಮುದ್ರದ ಅಂಚಿನಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು ನಿಂತು, ಅಲೆ ಕಾಲಿಗೆ ತಾಗಿದಾಗಲೆಲ್ಲ ಮೊಮ್ಮಗಳ ಕೈ ಬಿಗಿ ಹಿಡಿಯುತ್ತಿದ್ದರು.

ಪ್ರಯಾಣದ ಪುಸ್ತಕ ಇಡುವವರಿಗೆ ಕೊನೆಯದಾಗಿ ಒಂದು ಮಾತು. ಹೆಸರು, ಪಾಸ್‌ಪೋರ್ಟ್ ಅವಧಿ, ಟಿಕೆಟ್, ವಿಮೆ, ಕೋಣೆ, ಊಟ ಎಂದೆಲ್ಲ ಕಲಂ ಹಾಕಿದ ಮೇಲೆ ಬಲತುದಿಯಲ್ಲಿ ಇನ್ನೊಂದು ಕಲಂ ಎಳೆಯಿರಿ. ಅದರ ತಲೆಬರಹ 'ಮನೆ ತಲುಪಿದರು'. ಮದುವೆ ಮುಗಿದು ಎರಡು ದಿನವಾದರೂ ಆ ಕಲಂ ಪೂರ್ತಿ ತುಂಬುವ ತನಕ ಪುಸ್ತಕ ಮುಚ್ಚಬೇಡಿ. ನಮ್ಮ ಪುಸ್ತಕದಲ್ಲಿ ೪೬ನೆಯ ಗುರುತು ಬಿದ್ದದ್ದು ರಾತ್ರಿ ಹತ್ತೂವರೆಗೆ, ಶಿರಸಿಯಿಂದ ಫೋನ್ ಬಂದ ಮೇಲೆ.